ಅಪ್ಪನ ಮುನಿಸು, ಲಂಕೆಯ ಕೆರೆ

ಅಪ್ಪನಿಗೆ ಅಜ್ಜನ ಮೇಲೆ ಎಪ್ಪತ್ತು ವರ್ಷದ ಮುನಿಸು. ಮಲ್ಪೆಯಿಂದ ಕೊಲಂಬೊಗೆ ಹೋಗಿ ಹೋಟೆಲಿನಲ್ಲಿ ದುಡಿದ ಅಜ್ಜ ಮರಳಲೇ ಇಲ್ಲ. ಬರುತ್ತಿದ್ದುದು ಮನಿಯಾರ್ಡರ್ ಮಾತ್ರ. ಕಳೆದ ತಿಂಗಳು ಮುಂಬಯಿಯಿಂದ ಅಪ್ಪನನ್ನು ಅಲ್ಲಿಗೆ ಕರೆದೊಯ್ದೆ. ಪೆಟ್ಟಾದ ಗಲ್ಲಿಯಲ್ಲಿ ಆ ಹೋಟೆಲಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಅಪ್ಪ ಮಾತಾಡಲಿಲ್ಲ.

ಮರುದಿನ ಪೊಲೊನ್ನರುವಾಕ್ಕೆ ಹೋದೆವು. ಗಲ್ ವಿಹಾರದಲ್ಲಿ ಬಂಡೆಯಲ್ಲೇ ಕಡೆದ, 14 ಮೀಟರ್ ಉದ್ದದ ಮಲಗಿದ ಬುದ್ಧನನ್ನು ನೋಡಿದೆವು. ಸಂಜೆ, 12ನೇ ಶತಮಾನದ ದೊರೆ ಪರಾಕ್ರಮಬಾಹುವಿನ ಹೆಸರಿನ ‘ಪರಾಕ್ರಮ ಸಮುದ್ರ’ ಕೆರೆಯ ದಡದಲ್ಲಿ ಒಬ್ಬ ಬಲೆಯಿಂದ ತಿಲಾಪಿಯಾ ಮೀನು ಬಿಡಿಸುತ್ತಿದ್ದ. ಅಪ್ಪ ಹತ್ತಿರ ಹೋದರು. ಆತ ಸರಿದು ಜಾಗ ಕೊಟ್ಟ. ಅಪ್ಪನ ಕೈ ಮಲ್ಪೆಯ ಕೆಲಸವನ್ನು ಮರೆತಿರಲಿಲ್ಲ.

“ಅಪ್ಪಯ್ಯನಿಗೂ ಯಾರೋ ಹೀಗೇ ಜಾಗ ಕೊಟ್ಟಿರಬೇಕು” ಅಂದರು. ಅವರ ಬಾಯಲ್ಲಿ ‘ಅಪ್ಪಯ್ಯ’ ಕೇಳಿದ್ದು ಅದೇ ಮೊದಲು.