ಹಕ್ಕುಂಟು, ಆದರೆ ಉಪಯೋಗಿಸಬೇಡಿರಿ!

“ನಿಮಗೆ ಹಕ್ಕುಂಟು, ಅದನ್ನು ನಾವು ಅಲ್ಲಗಳೆಯುವದಿಲ್ಲ, ಆದರೆ ಅದರಿಂದ ನಮ್ಮ ಮನಸ್ಸಿಗೆ ನೋವಾಗುವದು, ಆದುದರಿಂದ ಅದನ್ನು ಉಪಯೋಗಿಸಬೇಡಿರಿ” ಎಂದು ಹೇಳುವ ಸೌಮ್ಯ ಜನರು ಎಲ್ಲ ದೇಶಗಳಲ್ಲಿಯೂ ಇರುವರು. ಬಾಯಿಯಿಂದ ಕೊಟ್ಟು ಕೈಯಿಂದ ಕಸಿದುಕೊಳ್ಳುವ ಈ ವಾದಸರಣಿಯು ಬಹಿರಂಗ ದ್ವೇಷಕ್ಕಿಂತಲೂ ಹೆಚ್ಚು ಅಪಾಯಕಾರಿಯೆಂದು ನಾವು ತಿಳಿಯುತ್ತೇವೆ. ಬಹಿರಂಗವಾಗಿ ಹಕ್ಕನ್ನು ತಡೆದವನನ್ನು ನ್ಯಾಯಾಸ್ಥಾನಕ್ಕೆ ಎಳೆಯಬಹುದು. ಕೈಜೋಡಿಸಿ ತಡೆದವನ ಮೇಲೆ ಯಾವ ದಾವೆಯನ್ನು ಹೂಡೋಣ? 2010ರಲ್ಲಿ ಅಮೇರಿಕೆಯ ನ್ಯೂಯಾರ್ಕ್ ಪಟ್ಟಣದಲ್ಲಿ ಎದ್ದ ಮಸೀದಿಯ ವಿವಾದವನ್ನು ವಾಚಕರ ಮುಂದೆ ಇಡುವದು ಈ ಕಾರಣಕ್ಕಾಗಿಯೇ.

ಸಂಗತಿಗಳು ಹೀಗಿವೆ. 2001ನೆಯ ಇಸವಿ ಸಪ್ಟಂಬರ 11ರಂದು ವಿಮಾನಗಳನ್ನು ಅಪಹರಿಸಿದ ಅಲ್ ಕಾಯಿದಾ ಘಾತುಕರು ಆ ಪಟ್ಟಣದ ಎರಡು ಮಹಾಗೋಪುರಗಳನ್ನು ಉರುಳಿಸಿದರು. ಆ ದಿನದ ಎಲ್ಲ ದಾಳಿಗಳಲ್ಲಿ ಮಡಿದವರು 2977 ಜನ. ಒಂದು ವಿಮಾನದ ಗಾಲಿಯ ಭಾಗವು ಹಾರಿ ಬಂದು, ಎರಡು ಬೀದಿಗಳಾಚೆ ಪಾರ್ಕ್ ಪ್ಲೇಸ್ ಎಂಬ ರಸ್ತೆಯಲ್ಲಿದ್ದ ಒಂದು ಹಳೆಯ ಬಟ್ಟೆಯಂಗಡಿಯ ಕಟ್ಟಡವನ್ನು ಭೇದಿಸಿತು. ಅಂಗಡಿ ಮುಚ್ಚಿತು. 2009ರಲ್ಲಿ ಮುಸಲ್ಮಾನ ವ್ಯಾಪಾರಿಯೊಬ್ಬರು ಅದನ್ನು ಕ್ರಯಕ್ಕೆ ಕೊಂಡರು. ಇಮಾಮ್ ಫೈಸಲ್ ಅಬ್ದುಲ್ ರವೂಫರು ಮತ್ತು ಅವರು ಕೂಡಿ ಅಲ್ಲಿ ಸಭಾಗೃಹ, ಈಜುಕೊಳ, ಪ್ರಾರ್ಥನಾಸ್ಥಾನಗಳುಳ್ಳ ಹದಿಮೂರು ಅಂತಸ್ತಿನ ಸಮಾಜಮಂದಿರವನ್ನು ಕಟ್ಟಲು ಯೋಚಿಸಿದರು. ಭೂಮಿಯ ಒಡೆತನದ ತಂಟೆಯಿಲ್ಲ. ಹಳೆಯ ದೇವಾಲಯವೊಂದನ್ನು ಕೆಡವಿದ ಆರೋಪವಿಲ್ಲ. ಅಂಥ ತಕರಾರುಗಳ ಮಾತು ಬೇರೆ. ಇಲ್ಲಿದ್ದದ್ದು ಸ್ವಂತ ನೆಲದ ಮೇಲೆ ಸ್ವಂತ ಹಣದಿಂದ ಕಟ್ಟುವ ಮಾತು.

ನೆರೆಹೊರೆಯವರು ಏನೆಂದರು? ಆ ಭಾಗದ ಪಂಚಾಯತಿಯೆನ್ನಬಹುದಾದ ಸ್ಥಳಿಕ ಮಂಡಳಿಯು 2010ರ ಮೇ ತಿಂಗಳಲ್ಲಿ ಯೋಜನೆಗೆ 29 ಮತಗಳನ್ನು ಕೊಟ್ಟಿತು. ವಿರುದ್ಧ ಬಿದ್ದದ್ದು ಒಂದು ಮತ, ತಟಸ್ಥರು ಹತ್ತು ಜನ. ಅಗಸ್ಟದ 3ರಂದು ಪುರಾತನ ಕಟ್ಟಡಗಳ ಆಯೋಗವು, ಆ ಹಳೆಯ ಅಂಗಡಿಗೆ ಸ್ಮಾರಕದ ಪದವಿ ಬೇಡವೆಂದು ಒಂಬತ್ತಕ್ಕೆ ಒಂಬತ್ತು ಮತಗಳಿಂದ ತೀರ್ಮಾನಿಸಿತು. ಸುಟ್ಟ ಹೊಗೆಯನ್ನು ಉಸಿರಾಡಿದ ಮ್ಯಾನ್‌ಹಾಟನ್ ನಿವಾಸಿಗಳಲ್ಲಿಯೇ ಬೆಂಬಲಿಸುವವರು ಹೆಚ್ಚಿದ್ದರೆಂದು ಆಗಿನ ಮತಗಣನೆಗಳು ತೋರಿಸಿದವು. ದೂರದೂರದ ಪ್ರಾಂತಗಳಲ್ಲಿ ಮಾತ್ರ, ಚುನಾವಣೆಯ ಕಾಲ ಸಮೀಪಿಸಿದಂತೆ, “ಸಾರ್ವಜನಿಕರ ಭಾವನೆ” ಕುದಿಯತೊಡಗಿತು. ಇಡಿಯ ದೇಶದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಬೇಡವೆಂದರು. ಗಾಯವಾದವನಿಗಿಂತ ಗಾಯದ ಸುದ್ದಿ ಕೇಳಿದವನೇ ಹೆಚ್ಚು ನರಳುವದನ್ನು ಹಳ್ಳಿಯ ಪಂಚಾಯತಿಯಲ್ಲಿ ಕಂಡವರಿಗೆ ಇದು ಹೊಸದಾಗಿ ತೋರದು.

ಮಕ್ಕಳನ್ನೂ ಗಂಡಂದಿರನ್ನೂ ಕಳೆದುಕೊಂಡವರ ದುಃಖವನ್ನು ಹಗುರಾಗಿ ಕಾಣುವಷ್ಟು ಕಲ್ಲೆದೆ ನಮಗಿಲ್ಲ. ಅವರಲ್ಲಿ ಕೆಲವರು ಈ ಮಂದಿರದ ಮಾತನ್ನು ಕೇಳಿಯೇ ಕಣ್ಣೀರಿಟ್ಟುದು ನಿಜ. ಆ ಕಣ್ಣೀರು ನಾಟಕವಲ್ಲ. ಆದರೆ ಮೃತರ ಕುಟುಂಬಗಳ ಇನ್ನೊಂದು ಸಂಘವು ಮಂದಿರವನ್ನು ಬೆಂಬಲಿಸಿತೆಂಬುದೂ ಅಷ್ಟೇ ನಿಜ. ಗೋಪುರಗಳಲ್ಲಿ ಬೆಂದವರಲ್ಲಿ ಹತ್ತಾರು ಮುಸಲ್ಮಾನರಿದ್ದರು. ದಕ್ಷಿಣ ಗೋಪುರದ ಹದಿನೇಳನೆಯ ಅಂತಸ್ತಿನಲ್ಲಿ ಅವರು ನಮಾಜು ಮಾಡುವ ಕೋಣೆಯೊಂದಿತ್ತು; ಅದೂ ಅಂದೇ ಬೂದಿಯಾಯಿತು. ಆ ಕೋಣೆಯಲ್ಲಿ ಬಾಗಿದ ತಲೆಗಳನ್ನು ಕೊಂದವರ ಲೆಕ್ಕಕ್ಕೆ ಸೇರಿಸುವದು ಯಾವ ನ್ಯಾಯ? ದುಃಖವು ಪೂಜ್ಯವಾದುದು; ಆದರೆ ದುಃಖಿತನು ಬೆರಳು ಮಾಡಿ ತೋರಿಸಿದ ಮಾತ್ರಕ್ಕೆ ನಿರಪರಾಧಿಯು ಅಪರಾಧಿಯಾಗುವದಿಲ್ಲ.

ಇದೇ ನೆಲದ ಹಿಂದಣ ಕಥೆಯನ್ನು ಕೇಳಿದರೆ ವಾಚಕರು ಬೆರಗಾಗುವರು. ಡಚ್ಚರ ಆಳಿಕೆಯಲ್ಲಿ, 1650ರ ದಶಕದಲ್ಲಿ, ಅಲ್ಲಿಯ ಅಧಿಕಾರಿ ಸ್ಟಯ್ವೆಸೆಂಟನು ಯೆಹೂದ್ಯರಿಗೆ ಪ್ರಾರ್ಥನಾಮಂದಿರ ಕಟ್ಟಗೊಡಲಿಲ್ಲ, ಕ್ವೇಕರರನ್ನು ಹಿಂಸಿಸಿದನು. 1657ರಲ್ಲಿ ಫ್ಲಶಿಂಗ್ ಎಂಬ ಊರಿನ ಸುಮಾರು ಮೂವತ್ತು ಜನರು ಅದರ ವಿರುದ್ಧ ಒಂದು ಮನವಿಗೆ ಸಹಿ ಹಾಕಿದರು. ಅವರಲ್ಲಿ ಯಾರೂ ಕ್ವೇಕರರಲ್ಲವೆಂಬುದೇ ಅದರ ಹಿರಿಮೆ. ಅನ್ಯರ ಧರ್ಮಕ್ಕಾಗಿ ಸಹಿ ಹಾಕಿ ಕೆಲವರು ಸೆರೆ ಅನುಭವಿಸಿದರು. ಮುಂದೆ ಇಂಗ್ಲಿಷರು ಬಂದರು. ಅವರು 1700ರಲ್ಲಿ ಕ್ಯಾಥೋಲಿಕ್ ಪಾದ್ರಿಗಳಿಗೆ ಆಜನ್ಮ ಸೆರೆಯೆಂದು ಕಾಯದೆಯನ್ನೇ ಮಾಡಿದರು. ಸ್ವಾತಂತ್ರ್ಯ ಬಂದ ಮೇಲೆ ಆ ಕಾಯದೆ ಹೋಗಿ, 1785ರಲ್ಲಿ ಸೇಂಟ್ ಪೀಟರ್ ಎಂಬ ಕ್ಯಾಥೋಲಿಕ್ ಇಗರ್ಜಿಗೆ ಅಡಿಗಲ್ಲು ಬಿದ್ದಿತು. ಆಗಲೂ ಸಾರ್ವಜನಿಕರ ಭಾವನೆ ಸುಮ್ಮನಿರಲಿಲ್ಲ: 1806ರ ಕ್ರಿಸ್ಮಸ್ಸಿನ ಹಿಂದಿನ ಸಂಜೆ ಪುಂಡರ ಗುಂಪು ಆ ಇಗರ್ಜಿಯನ್ನು ಮುತ್ತಿತು, ಮರುದಿನ ದೊಂಬಿಯಾಯಿತು. ರೋಮಿನ ಪೋಪನ ಹೆಸರಿನಲ್ಲಿ ಅವರ ಅಜ್ಜಂದಿರು ಪಟ್ಟ ಪಾಡನ್ನು ನೆನೆಯಿಸಿ, ಅವರ ಮನಸ್ಸೂ ನೊಂದಿದೆಯೆಂದು ಹೇಳುವವರು ಅಂದೂ ಇದ್ದಿರಬೇಕು.

ಆ ಇಗರ್ಜಿಯು ಇಂದಿಗೂ ನಿಂತಿದೆ. ಪಾರ್ಕ್ ಪ್ಲೇಸಿನಿಂದ ಒಂದೇ ಬೀದಿ ಆಚೆ. 2001ರ ಆ ಬೆಳಿಗ್ಗೆ ವಿಮಾನದ ಚೂರು ಅದರ ಮಾಳಿಗೆಗೂ ಬಡಿಯಿತು. ಅಗ್ನಿಶಾಮಕ ದಳದ ಪಾದ್ರಿ ಮೈಕಲ್ ಜಡ್ಜರ ದೇಹವನ್ನು ಅವರ ಸಂಗಡಿಗರು ಹೊತ್ತು ತಂದು ಮಲಗಿಸಿದ್ದು ಅದೇ ಇಗರ್ಜಿಯ ವೇದಿಕೆಯ ಮುಂದೆ. 1785ರಲ್ಲಿ ಭಾವನೆಯ ಮಾತನ್ನು ಮನ್ನಿಸಿದ್ದರೆ 2001ರಲ್ಲಿ ಆ ವೇದಿಕೆ ಎಲ್ಲಿರುತ್ತಿತ್ತು? ಮೇಯರ್ ಬ್ಲೂಮ್‌ಬರ್ಗರು ಅಗಸ್ಟದ 3ರಂದು ಗವರ್ನರ್ಸ್ ದ್ವೀಪದಲ್ಲಿ ನಿಂತು ಈ ಇತಿಹಾಸವನ್ನೆಲ್ಲ ತಮ್ಮ ಜನರಿಗೆ ನೆನಪಿಸಿದರು. ಜನಮತದ ಗಾಳಿಗೆ ಎದುರಾಗಿ ಹೀಗೆ ನಿಲ್ಲುವ ಪುಢಾರಿಗಳು ವಿರಳ. ಅವರಿಗೆ ನಮ್ಮ ನಮಸ್ಕಾರ. ಅಧ್ಯಕ್ಷ ಒಬಾಮರು ಹತ್ತು ದಿನಗಳ ತರುವಾಯ ಹಕ್ಕಿನ ಪರವಾಗಿ ಮಾತಾಡಿದರು. ಮರುದಿನವೇ, ಅಲ್ಲಿ ಕಟ್ಟುವದು ವಿವೇಕವೋ ಅಲ್ಲವೋ ಎಂಬ ಬಗ್ಗೆ ತಾನು ಏನೂ ಹೇಳಿಲ್ಲವೆಂದರು!

ಇದರಿಂದ ಕನ್ನಡಿಗರಿಗೇನೆಂದು ಕೇಳುವವರಿಗೆ ವಕೀಲರಾಗಿ ನಾವು ಎರಡು ಮೊಕದ್ದಮೆಗಳನ್ನು ತೋರಿಸುತ್ತೇವೆ. ಇಂಗ್ಲಂಡದ ವೆಸ್ಟನ್ ಎಂಬ ಊರಿನಲ್ಲಿ ಮುಕ್ತಿಫೌಜಿನವರು ಭಾನುವಾರ ಮೆರವಣಿಗೆ ಹೊರಡುತ್ತಿದ್ದರು. ವಿರೋಧಿಗಳ ತಂಡವು ದೊಂಬಿ ಮಾಡುತ್ತಿತ್ತು. ಮ್ಯಾಜಿಸ್ಟ್ರೇಟರು ಮೆರವಣಿಗೆಯವರನ್ನೇ ಹಿಡಿದರು. 1882ರಲ್ಲಿ ಮೇಲಿನ ಕೋರ್ಟು ಆ ಅಪ್ಪಣೆಯನ್ನು ರದ್ದುಪಡಿಸಿತು: ಇನ್ನೊಬ್ಬನು ಕಾಯದೆಗೆ ವಿರುದ್ಧವಾಗಿ ರೇಗುವನೆಂಬ ಕಾರಣದಿಂದ ಒಬ್ಬನ ಕಾಯದೆಬದ್ಧ ಕೃತ್ಯವು ಅಪರಾಧವಾಗದೆಂದಿತು. ಎರಡನೆಯದು ನಮ್ಮ ದೇಶದ್ದೇ. ಔರಂಗಾಬಾದೆಂಬ ಊರಿನ ಶಿಯಾಗಳು ತಮ್ಮ ಮೆರವಣಿಗೆಯನ್ನು ಸುನ್ನಿಗಳ ಮಸೀದಿಯ ಹತ್ತಿರ ನಿಲ್ಲಿಸಿ ಶೋಕಾಚರಣೆ ಮಾಡುವದಕ್ಕೆ ಸುನ್ನಿಗಳು ಅಡ್ಡ ಬಂದರು. 1925ರ ವರದಿಗಳಲ್ಲಿ ಅಚ್ಚಾದ ಪ್ರಿವಿ ಕೌನ್ಸಿಲಿನ ತೀರ್ಪು, ಮ್ಯಾಜಿಸ್ಟ್ರೇಟರ ಶಾಂತಿರಕ್ಷಣೆಯ ಅಪ್ಪಣೆಗಳಿಗೆ ಒಳಪಟ್ಟು, ಸಾರ್ವಜನಿಕ ರಸ್ತೆಯಲ್ಲಿ ಧಾರ್ಮಿಕ ಮೆರವಣಿಗೆಯ ಹಕ್ಕುಂಟೆಂದು ಸಾರಿತು. ಮಸೀದಿಯ ಮುಂದೆ ತಮ್ಮ ಮೆರವಣಿಗೆ ಹೋಗಬೇಕೆನ್ನುವ ಹಿಂದೂ ಬಾಂಧವರು ಆಧಾರವಾಗಿ ಹಿಡಿಯುವದೂ ಇದೇ ನಿಯಮವನ್ನು. ತಮ್ಮ ವಾದ್ಯಕ್ಕೆ ಹಕ್ಕು, ಅನ್ಯರ ಗೋಡೆಗೆ ಭಾವನೆ—ಇದು ಯಾವ ಧರ್ಮಶಾಸ್ತ್ರ? ಮುಸಲ್ಮಾನ ಬಾಂಧವರಿಗೂ ತಿರುಗಿಸಿ ಇದೇ ಮಾತನ್ನು ಹೇಳುತ್ತೇವೆ. ನಮ್ಮ ಸಂವಿಧಾನದ 25ನೆಯ ಅನುಚ್ಛೇದವು ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯಗಳನ್ನು ಹೆಸರಿಸಿದೆ. ನೆರೆಯವನ ಮನಸ್ಸಿನ ಕಸಿವಿಸಿಯನ್ನು ಹೆಸರಿಸಿಲ್ಲ.

“ನಾವು ವಿರೋಧಿಸುವದು ಮಸೀದಿಯನ್ನಲ್ಲ, ಆ ಸ್ಥಳವನ್ನು ಮಾತ್ರ, ತುಸು ದೂರ ಕಟ್ಟಿಕೊಳ್ಳಲಿ” ಎಂದು ಆಗ ಅನೇಕರು ಹೇಳಿದರು. ಒಳ್ಳೆಯದು, ಎಷ್ಟು ದೂರ? ನ್ಯೂಯಾರ್ಕಿನಿಂದ ಸಾವಿರ ಕಿಲೋಮೀಟರಿಗೂ ಆಚೆ ಟೆನೆಸಿಯಲ್ಲಿ ಮರ್ಫ್ರೀಸ್‌ಬರೊ ಎಂಬ ಊರುಂಟು. ಅಲ್ಲಿಯ ಮುಸಲ್ಮಾನರು ಅದೇ 2010ರಲ್ಲಿ ಪರವಾನಗಿ ಪಡೆದು ಕಟ್ಟತೊಡಗಿದರು. ಅಗಸ್ಟದಲ್ಲಿ ಅವರ ಯಂತ್ರಗಳಿಗೆ ಬೆಂಕಿ ಬಿದ್ದಿತು. ಕೋರ್ಟಿನಲ್ಲಿ ವಿರೋಧಿಗಳ ವಕೀಲರು ಇಸ್ಲಾಮು ಧರ್ಮವೇ ಅಲ್ಲವೆಂದು ವಾದಿಸಿದರು; ಅದು ಧರ್ಮವೇ ಹೌದೆಂದು ಅಮೇರಿಕಾ ಸರಕಾರವು ಕೈಫಿಯತ್ತು ಸಲ್ಲಿಸಬೇಕಾಯಿತು. ನಮ್ಮ ವೃತ್ತಿಬಂಧುಗಳ ಕಲ್ಪನಾಶಕ್ತಿಗೆ ಏನೆನ್ನಬೇಕು! ಸ್ಥಳಿಕ ಕೋರ್ಟು ನೋಟೀಸಿನ ಲೋಪವೆಂದು ತಡೆಹಾಕಿತು. ಕೇಂದ್ರ ನ್ಯಾಯಾಧೀಶರು ಆ ತಡೆಯನ್ನು ದಾಟಿಸಿ, 2012ರ ಅಗಸ್ಟದಲ್ಲಿ ಬಾಗಿಲು ತೆರೆಯಿತು. ಅಲ್ಲಿ ಯಾವ ಗೋಪುರ ಬಿದ್ದಿತ್ತು?

ಇನ್ನೊಬ್ಬ ಮುಖಂಡ, ಗಿಂಗ್ರಿಚ್ಚರು, ಸೌದಿ ಅರೇಬಿಯದಲ್ಲಿ ಇಗರ್ಜಿ ಏಳುವವರೆಗೆ ಇಲ್ಲಿ ಮಸೀದಿ ಬೇಡವೆಂದರು. ತನ್ನ ಮನೆಯ ನಡತೆಗೆ ದುರ್ಜನನ ಮನೆಯನ್ನು ಅಳತೆಗೋಲು ಮಾಡುವ ಯಜಮಾನನನ್ನು ನಾವು ಮೊದಲ ಸಲ ಕಂಡೆವು. ಪ್ರಜಾರಾಜ್ಯದ ಪ್ರಜೆಗೆ, ಅವನು ಕಾಣದ ಅರಸನ ಪಾಪಕ್ಕಾಗಿ ಶಿಕ್ಷೆಯೇ?

ಪಾರ್ಕ್ ಪ್ಲೇಸಿನವರು ಪ್ರತಿಯೊಂದು ಕಡೆಯೂ ಗೆದ್ದರು. 2011ರಲ್ಲಿ ಕೋರ್ಟು ಅವರ ವಿರುದ್ಧದ ದಾವೆಯನ್ನು ವಜಾ ಮಾಡಿತು. ಆದರೂ ಆ ಹದಿಮೂರು ಅಂತಸ್ತಿನ ಮಂದಿರವು ಏಳಲಿಲ್ಲ. ಹಣ ಕೂಡಲಿಲ್ಲ, ಹೂಡಿದವರಲ್ಲಿ ಒಡಕಾಯಿತು, ಕೊನೆಗೆ ಆ ನಿವೇಶನದಲ್ಲಿ ಶ್ರೀಮಂತರ ವಾಸಕ್ಕಾಗಿ ನಾಲ್ವತ್ತಕ್ಕೂ ಮಿಕ್ಕ ಅಂತಸ್ತುಗಳ ಗೋಪುರವನ್ನು ಎಬ್ಬಿಸಿದರು. ಸಾರ್ವಜನಿಕರ ಭಾವನೆಗೆ ಅದರಿಂದ ನೋವಾದ ಸುದ್ದಿಯಿಲ್ಲ. ಹಕ್ಕುಂಟು ಆದರೆ ಬೇಡವೆಂದು 2010ರಲ್ಲಿ ಸೌಮ್ಯವಾಗಿ ಹೇಳಿದವರಲ್ಲಿ ಯೆಹೂದ್ಯರ ಮಾನರಕ್ಷಣೆಗಾಗಿಯೇ ಹುಟ್ಟಿದ ಒಂದು ಪ್ರಸಿದ್ಧ ಸಂಸ್ಥೆಯೂ ಇದ್ದಿತು. ಆ ಸಂಸ್ಥೆಯ ಮುಖ್ಯಸ್ಥರು 2021ರ ಸಪ್ಟಂಬರದಲ್ಲಿ, ಅಂದು ನಾವು ಮಾಡಿದ್ದು ತಪ್ಪೆಂದು ಬರೆದು ಕ್ಷಮೆ ಕೇಳಿದರು. ಆ ಹೊತ್ತಿಗೆ ನಿವೇಶನವು ಖಾಲಿಯಿರಲಿಲ್ಲ.