ಯಂತ್ರದ ಮೇಲೆ ದೂರು ಯಾಕೆ?

ಮೊಬೈಲು ಬಂದು ಕನ್ನಡ ಹಾಳಾಯಿತೆಂದು ಗೋಳಾಡುವುದು ನಮ್ಮ ಸಭೆಗಳಲ್ಲಿ ವಾಡಿಕೆಯಾಗಿದೆ. ನಾನು ಇದನ್ನು ಒಪ್ಪುವುದಿಲ್ಲ. ಲೋಕದ ಲಿಪಿಗಳಿಗೆ ಕಂಪ್ಯೂಟರಿನಲ್ಲಿ ಜಾಗ ಗೊತ್ತುಮಾಡುವ ಯುನಿಕೋಡ್ 1991ರಲ್ಲೇ ಕನ್ನಡಕ್ಕೆ 128 ಮನೆಗಳನ್ನು ಕೊಟ್ಟಿತು. ಅದಕ್ಕೆ ತಾಗಿದ 128 ಮಲಯಾಳಕ್ಕೆ. ಅಲ್ಲಿ ಬಹುಸಂಖ್ಯಾತ, ಅಲ್ಪಸಂಖ್ಯಾತ ಎಂಬ ಭೇದವಿಲ್ಲ.

ಹಾಗಾದರೆ ಕೊರತೆ ಎಲ್ಲಿ? ನಮ್ಮ ಬೆರಳಲ್ಲಿ. ಬ್ಯಾಂಕಿನ ಕೌಂಟರಿನಲ್ಲಿ ಕೂತು ಕಾಣುತ್ತಿದ್ದೇನೆ: ಅಜ್ಜ ನಡುಗುವ ಕೈಯಲ್ಲೂ ಕನ್ನಡದಲ್ಲೇ ರುಜು ಹಾಕುತ್ತಾರೆ. ಜೊತೆಗೆ ಬಂದ ಮೊಮ್ಮಗ 'ಊಟಕ್ಕೆ ಬರುತ್ತೇವೆ' ಎಂಬುದನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತಾನೆ. ಫೋನಿನೊಳಗೆ ಕನ್ನಡದ ಕೀಲಿಮಣೆ ಇದೆ, ತೆರೆದು ತೋರಿಸಿದವರಿಲ್ಲ. ತೋರಿಸದ ಅಪ್ಪನೇ ಸಂಜೆ ವೇದಿಕೆ ಹತ್ತಿ ಕನ್ನಡದ ಅಳಿವಿನ ಬಗ್ಗೆ ಭಾಷಣ ಬಿಗಿಯುತ್ತಾನೆ!

ಈಗಿನ ಯಂತ್ರಗಳು ಭಾಷೆ ಕಲಿಯುವುದು ಜನ ಬರೆದಿಟ್ಟದ್ದನ್ನು ಓದಿ. ನಾವು ಬರೆಯದಿದ್ದರೆ ಅವು ಬೆಂಗಳೂರಿನ ಕನ್ನಡವನ್ನಷ್ಟೇ ಕಲಿತಾವು. ತುಳು, ಮಲಯಾಳಗಳ ಒಡನಾಟದಲ್ಲಿ ಬೆಳೆದ ಕಾಸರಗೋಡಿನ ಕನ್ನಡ ಅವಕ್ಕೆ ತಪ್ಪೆಂದೇ ಕಂಡೀತು. 1956ರ ಗಡಿಯನ್ನು ಯಾರೋ ಎಳೆದರು. ಈ ಗಡಿಯನ್ನು ನಾವೇ ಎಳೆದುಕೊಳ್ಳುತ್ತಿದ್ದೇವೆ.

ಹಿರಿಯರೇ, ಇಂದೇ ಮಕ್ಕಳಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕಳುಹಿಸಿ. ಕನ್ನಡದಲ್ಲೇ ಮಾರುತ್ತರ ಬರುವ ತನಕ ಬಿಡಬೇಡಿ.