ಕಬ್ಬಿನ ಸಿಪ್ಪೆಯಿಂದ ಸಿಎಂಸಿ: ಉಪ್ಪುನೀರು ಹೋಗುವುದೆಲ್ಲಿ?

ದಾಂಡೇಲಿ: ಐಸ್‌ಕ್ರೀಂ ಹರಳುಗಟ್ಟದಂತೆ ತಡೆಯುವ, ಟೂತ್‌ಪೇಸ್ಟಿಗೆ ಹದ ಕೊಡುವ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಅಂದರೆ ಸಿಎಂಸಿ, ಸಸ್ಯದ ನಾರಿನಿಂದಲೇ ತಯಾರಾಗುತ್ತದೆ. ನಾರಿಗೆ ಕೊರತೆಯಿಲ್ಲದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಿಗೆ ಇಂತಹ ಉದ್ಯಮ ಒಗ್ಗೀತೇ ಎಂಬ ಪ್ರಶ್ನೆ ಸಹಜ. ಅದನ್ನು ತೂಗಿ ನೋಡುವಾಗ ಕಾಳಿ ನದಿಯನ್ನು ಮರೆಯುವಂತಿಲ್ಲ.

ಸೆಲ್ಯುಲೋಸ್ ಎಂಬುದು ಗ್ಲೂಕೋಸ್ ಕಣಗಳ ಉದ್ದನೆಯ ಸರಪಳಿ. ಸರಪಳಿಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುವುದರಿಂದ ನೀರಿಗೆ ಒಳನುಗ್ಗಲು ಎಡೆಯಿಲ್ಲ. ಹತ್ತಿ ಬಟ್ಟೆ ಎಷ್ಟು ಒಗೆದರೂ ಕರಗದಿರುವುದು ಇದರಿಂದಲೇ. ಕಾಸ್ಟಿಕ್ ಸೋಡಾದಲ್ಲಿ ನೆನೆದ ನಾರು ಉಬ್ಬುತ್ತದೆ. ಬಳಿಕ ಮೊನೊಕ್ಲೋರೋ ಅಸೆಟಿಕ್ ಆಮ್ಲ ಬೆರೆಸಿದರೆ ಸರಪಳಿಯ ರಾಸಾಯನಿಕ ಸ್ವರೂಪ ಬದಲಾಗಿ ಅದು ನೀರಿನಲ್ಲಿ ಕರಗುತ್ತದೆ. ಜತೆಗೇ ಅಡುಗೆ ಉಪ್ಪು ಹಾಗೂ ಸೋಡಿಯಂ ಗ್ಲೈಕೋಲೇಟ್ ಉತ್ಪತ್ತಿಯಾಗುತ್ತವೆ. ಆಹಾರಕ್ಕೆ ಬಳಸುವ ಸಿಎಂಸಿ ಶೇ 99.5ರಷ್ಟು ಶುದ್ಧವಾಗಿರಬೇಕಾದ್ದರಿಂದ ಇವನ್ನು ನೀರು ಬೆರೆತ ಆಲ್ಕೋಹಾಲ್‌ನಿಂದ ತೊಳೆಯುತ್ತಾರೆ. ಆಲ್ಕೋಹಾಲ್ ಮರುಬಳಕೆಯಾಗುತ್ತದೆ, ಉಪ್ಪು ತ್ಯಾಜ್ಯನೀರಿಗೆ ಸೇರುತ್ತದೆ. ಸೂಕ್ಷ್ಮಜೀವಿಗಳನ್ನು ಅವಲಂಬಿಸಿದ ಸಾಮಾನ್ಯ ಶುದ್ಧೀಕರಣ ಘಟಕಕ್ಕೆ ಅದನ್ನು ತೆಗೆಯಲಾಗದು. ನೀರನ್ನು ಆವಿಯಾಗಿಸಬೇಕು, ಅದು ದುಬಾರಿ. ಕಾಗದ ಕಾರ್ಖಾನೆಯ ತ್ಯಾಜ್ಯದ ಬಗ್ಗೆ ದಶಕಗಳಿಂದ ದೂರುತ್ತ ಬಂದಿರುವ ಕಾಳಿ ತೀರದವರಿಗೆ ಇದು ಸಣ್ಣ ವಿಷಯವಲ್ಲ.

ಕಚ್ಚಾವಸ್ತುವಿನ ಮಾತು ಬೇರೆ. ಜೋಯಿಡಾದ ಬಿದಿರನ್ನು ಲೆಕ್ಕದಿಂದ ಬಿಡುವುದೇ ಲೇಸು. ಅಲ್ಲಿನ ಕಾಡಿನ ದೊಡ್ಡ ಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿದೆ. ಮುಂಡಗೋಡದ ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚು, ಮೇಲಾಗಿ ಅದು ದನಕರುಗಳ ಮೇವು. ಉಳಿಯುವುದು ಹಳಿಯಾಳದ ಸಕ್ಕರೆ ಕಾರ್ಖಾನೆಯ ಕಬ್ಬಿನ ಸಿಪ್ಪೆ. ಒಣ ಸಿಪ್ಪೆಯಲ್ಲಿ ಸುಮಾರು ಶೇ 40ಕ್ಕೂ ಹೆಚ್ಚು ಸೆಲ್ಯುಲೋಸ್ ಇದೆ. ಆದರೆ ಸಿಪ್ಪೆ ಕಾರ್ಖಾನೆಯ ಬಾಯ್ಲರಿಗೆ ಉರುವಲೂ ಹೌದು. ಅದನ್ನು ಬೇರೆಡೆ ತಿರುಗಿಸಿದರೆ ಬದಲಿ ಇಂಧನ ಹುಡುಕಬೇಕು.

ಬೆಲೆಯ ವಿಚಾರದಲ್ಲಿ ಈ ಸೀಮೆಗೆ ಹಳೆಯ ಅನುಭವವಿದೆ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ಗೆ ಸರಕಾರ ಅತ್ಯಲ್ಪ ದರಕ್ಕೆ ಬಿದಿರು ಒದಗಿಸಿತು. 1970ರ ದಶಕದಲ್ಲಿ ಅಧ್ಯಯನ ನಡೆಸಿದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್, ಮೆಳೆಯ ಬುಡದ ಮುಳ್ಳುಹೊದಿಕೆ ಸವರುವ ಕ್ರಮದಿಂದಲೇ ಎಳೆ ಕಳಲೆ ಜಾನುವಾರುಗಳ ಬಾಯಿಗೆ ಬೀಳುತ್ತಿದ್ದುದನ್ನು ಕಂಡರು. ಹರಿಹರದ ಪಾಲಿಫೈಬರ್ಸ್‌ಗೆ ನೀಲಗಿರಿ ಬೆಳೆಸುವ ಯೋಜನೆ ಸಾಮುದಾಯಿಕ ಭೂಮಿಗೆ ಕೈಹಾಕಿದಾಗ, 1987ರ ನವೆಂಬರಿನಲ್ಲಿ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹವೇ ನಡೆಯಿತು.

ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬಿನ ದರ ನಿಗದಿಯಲ್ಲಿ ಸಿಪ್ಪೆಯ ಮೌಲ್ಯವನ್ನೂ ಪರಿಗಣಿಸಬೇಕು. ಆ ಪರಿಗಣನೆ ಸಿಪ್ಪೆಗಷ್ಟೇ ನಿಂತರೆ, ಸಿಎಂಸಿಯ ಲಾಭದಲ್ಲಿ ಹಳಿಯಾಳದ ಬೆಳೆಗಾರನಿಗೆ ಪಾಲು ಸಿಗಲು ಪ್ರತ್ಯೇಕ ಒಪ್ಪಂದವೇ ಆಗಬೇಕಾಗುತ್ತದೆ.